ತೀರ್ಪು ಕೊಡುವ ಚಪಲ ಬಿಡಿ: ಲಷ್ಕರ್ ಮೊಹಲ್ಲಾದಿಂದ ಒಂದಿಷ್ಟು ಕಿವಿಮಾತು

ಮೈಸೂರಿನ ನಮ್ಮ ಮೊಹಲ್ಲಾದಲ್ಲಿ ಯಾವ ಕಾಲಕ್ಕೂ ಜಗಳಕ್ಕೆ ಬರ ಬಂದಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ಒಂದೇ ಗೋಡೆಗೆ ಎರಡು ಸಂಸಾರ ಆತುಕೊಂಡಿರುವ ಸಂದಿಗಳು. ಬಾಡಿಗೆ, ಮೋರಿ, ಅಡ್ವಾನ್ಸು, ಪಾಲು, ಸಂಬಳ, ಏನಾದರೊಂದು ಇದ್ದೇ ಇರುತ್ತದೆ. ಅಶೋಕ ರಸ್ತೆಯ ಅಂಗಡಿಗಳಲ್ಲಿ ಲೆಕ್ಕ ಬರೆದು ತಲೆ ನರೆಸಿಕೊಂಡವನು ನಾನು. ಲೆಕ್ಕ ಬಲ್ಲವನಿಗೆ ನ್ಯಾಯವೂ ಗೊತ್ತಿರುತ್ತದೆ ಅಂತ ಜನಕ್ಕೊಂದು ನಂಬಿಕೆ. ಹಾಗಾಗಿ ‘ಸ್ವಲ್ಪ ಬಂದು ಕೂತ್ಕೊಳ್ಳಿ ಯಜಮಾನ್ರೇ’ ಅನ್ನುವ ಕರೆ ತಪ್ಪಿದ್ದಿಲ್ಲ. ಈಗ ಮಂಡಿನೋವು, ಮಹಡಿ ಹತ್ತಲಾರೆ. ಕರೆ ನಿಮ್ಮಂಥ ಹುಡುಗರ ಕಡೆ ತಿರುಗಿದೆ. ಇವತ್ತು ನಡುವೆ ಕೂತವರು ನಾಳೆ ಎದುರುಬದುರು ಕೂರಬೇಕಾಗಿಯೂ ಬರಬಹುದು. ಆದ್ದರಿಂದ ಎರಡು ಕಡೆಯವರಿಗೂ ಸೇರಿಸಿಯೇ ಹೇಳುತ್ತೇನೆ.

• ಮೊದಲು ತೀರ್ಪು ಕೊಡುವ ಚಪಲ ಬಿಡಿ. ನಡುವೆ ಕೂತ ಹತ್ತೇ ನಿಮಿಷಕ್ಕೆ ‘ತಪ್ಪು ಇವನದೇ’ ಅಂತ ನಾಲಗೆ ತುದಿಗೆ ಬಂದುಬಿಡುತ್ತದೆ. ನುಂಗಿಕೊಳ್ಳಿ. ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ವ್ಯಾಜ್ಯ ಹೇಳಿಕೊಳ್ಳುವ ವಾಡಿಕೆ ಇದೆ. ಅಲ್ಲಿ ಬಂದ ಮಾತನ್ನು ಜನ ತಲೆಮೇಲೆ ಹೊತ್ತುಕೊಳ್ಳುವುದು ಆ ಪೀಠದ ಮೇಲಿನ ಭಕ್ತಿಯಿಂದ. ಹಳ್ಳಿಗಳಲ್ಲೂ ಒಂದು ಕುಲ, ಒಬ್ಬ ಯಜಮಾನ, ಒಂದು ಕಟ್ಟೆ ಇದ್ದಷ್ಟು ಕಾಲ ಯಜಮಾನನ ಮಾತು ನಡೆಯಿತು. ಲಷ್ಕರ್ ಮೊಹಲ್ಲಾ ಹಾಗಲ್ಲ. ಸಂತ ಫಿಲೋಮಿನಾ ಚರ್ಚಿನ ಗಂಟೆ, ಮಸೀದಿಯ ಆಜಾನ್, ದೇವಸ್ಥಾನದ ಮಂಗಳಾರತಿ ಎಲ್ಲವೂ ಒಂದೇ ಕಿವಿಗೆ ಬೀಳುವ ಜಾಗ ಇದು. ಎಲ್ಲರೂ ತಲೆಬಾಗುವ ಒಂದೇ ಪೀಠ ಇಲ್ಲಿಲ್ಲ. ನೀವು ಕೊಟ್ಟ ತೀರ್ಪಿನ ಬೆನ್ನಿಗೆ ನಿಲ್ಲಲು ಪೊಲೀಸೂ ಇಲ್ಲ, ದೇವರೂ ಇಲ್ಲ. ಇರುವುದು ಆ ಇಬ್ಬರ ಒಪ್ಪಿಗೆ ಮಾತ್ರ. ಅದನ್ನು ಅವರ ಬಾಯಿಂದಲೇ ಹೊರಡಿಸುವುದು ನಿಮ್ಮ ಕೆಲಸ.

• ಎಲ್ಲ ಜಗಳಕ್ಕೂ ಕೂರಬೇಡಿ. ಹೆಂಗಸಿನ ಮೈಮೇಲೆ ಕೈಮಾಡಿದ್ದು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಅತ್ಯಾಚಾರ, ಜಾತಿ ನಿಂದನೆ, ಇವು ಜಗಲಿಯ ಮೇಲೆ ಕೂತು ಮುಗಿಸುವ ಸಂಗತಿಗಳಲ್ಲ. ‘ಮರ್ಯಾದೆ ಹೋಗುತ್ತೆ, ಒಳಗೊಳಗೇ ಮುಗಿಸಿ’ ಅಂದವರ ಮನೆಗೆ ಕಾಲಿಡಬೇಡಿ. ಮಗುವಿನ ಮೇಲೆ ಅಂಥದ್ದು ನಡೆದಿದೆ ಅಂತ ಗೊತ್ತಾದ ಮೇಲೆ ಸುಮ್ಮನಿದ್ದವನ ಮೇಲೂ 2012ರ ಪೋಕ್ಸೋ ಕಾಯ್ದೆಯಲ್ಲಿ ಕೇಸು ಬೀಳುತ್ತದೆ. ವಯಸ್ಸಿಗೆ ಬಂದ ಇಬ್ಬರು ಮೆಚ್ಚಿ ಮದುವೆಯಾದರೆ ಅದಕ್ಕೂ ಪಂಚಾಯ್ತಿ ಸೇರಿಸಬೇಡಿ. ಗುಂಪುಗೂಡಿ ಅಂಥ ಮದುವೆಗೆ ಅಡ್ಡಿಮಾಡುವುದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟು 2018ರಲ್ಲೇ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. ಇನ್ನು ದಂಡ ಹಾಕುವುದು, ಬಹಿಷ್ಕಾರ ಅನ್ನುವುದು. ಅದು ರಾಜಿ ಅಲ್ಲ, ರೌಡಿಸಂ.

• ಒಬ್ಬರೇ ಬಂದು ಕರೆದರೆ ಹೋಗಬೇಡಿ. ಇಬ್ಬರೂ ಕರೆಯಬೇಕು. ಒಬ್ಬ ನಿಮ್ಮ ನೆಂಟ, ಇನ್ನೊಬ್ಬನ ಹತ್ತಿರ ನೀವು ಕೈಸಾಲ ಪಡೆದಿದ್ದೀರಿ ಅಂದರೆ ಕೂರುವ ಮೊದಲೇ ಬಾಯಿಬಿಟ್ಟು ಹೇಳಿ. ಆಮೇಲೆ ಗೊತ್ತಾದರೆ ಇಡೀ ಮಾತುಕತೆಯೇ ಕೆಟ್ಟಂತೆ.

• ಜಾಗ, ಹೊತ್ತು ಎರಡನ್ನೂ ಯೋಚಿಸಿ ಗೊತ್ತುಮಾಡಿ. ಒಬ್ಬರ ಅಂಗಡಿಯಲ್ಲಿ ಕೂತರೆ ಇನ್ನೊಬ್ಬರು ಗಿರಾಕಿಯಾಗಿಬಿಡುತ್ತಾರೆ. ಒಬ್ಬರ ದೇವಸ್ಥಾನ, ಮಸೀದಿ, ಚರ್ಚಿನ ಅಂಗಳವೂ ಬೇಡ. ಶುಕ್ರವಾರ ಮಧ್ಯಾಹ್ನ, ಭಾನುವಾರ ಪೂಜೆಯ ಹೊತ್ತು, ರಂಜಾನಿನ ಸಂಜೆ, ಹಬ್ಬದ ಹಿಂದಿನ ದಿನದ ವ್ಯಾಪಾರದ ವೇಳೆ ಬೇಡ. ರಾತ್ರಿ ಒಂಬತ್ತರ ಮೇಲೆ ಬೇಡವೇ ಬೇಡ, ಆ ಹೊತ್ತಿಗೆ ಯಾರಾದರೂ ಒಬ್ಬರು ‘ಹಾಕಿಕೊಂಡು’ ಬಂದಿರುತ್ತಾರೆ. ಟೀ ತರಿಸಿದರೆ ಇಬ್ಬರಿಗೂ ಒಟ್ಟಿಗೇ ಲೋಟ ಮುಟ್ಟಲಿ. ಯಾರಿಗೆ ಮೊದಲು ಕೊಟ್ಟರು ಅನ್ನುವುದನ್ನೂ ಜಗಳವಾಡಿದವರು ನೆನಪಿಟ್ಟುಕೊಳ್ಳುತ್ತಾರೆ.

• ನಮ್ಮಲ್ಲಿ ಕನ್ನಡ, ಉರ್ದು, ತಮಿಳು, ಮಾರ್ವಾಡಿ ಎಲ್ಲ ಇದೆ. ಸಿಟ್ಟು ಬಂದಾಗ ಮನುಷ್ಯ ತನ್ನ ಮನೆಮಾತಿನಲ್ಲೇ ಬೈಯುವುದು. ಬೈದುಕೊಳ್ಳಲಿ. ನಡುವೆ ಅರ್ಥ ಹೇಳಲು ಇಬ್ಬರಿಗೂ ಬೇಕಾದ ಒಬ್ಬರನ್ನು ಕೂರಿಸಿಕೊಳ್ಳಿ. ಬರವಣಿಗೆ ಮಾತ್ರ ಕನ್ನಡದಲ್ಲಿರಲಿ. ಸಹಿಗೆ ಮೊದಲು ಎರಡೂ ಭಾಷೆಯಲ್ಲಿ ಜೋರಾಗಿ ಓದಿ ಹೇಳಿ.

• ಮೊದಲ ಸುತ್ತಿನಲ್ಲಿ ಒಬ್ಬೊಬ್ಬರೂ ಪೂರ್ತಿ ಹೇಳಲಿ, ಇನ್ನೊಬ್ಬರು ಅಡ್ಡಬಾಯಿ ಹಾಕಬಾರದು. ಹೇಳಿ ಮುಗಿಸಿದ ಮೇಲೆ ನೀವು ಅದನ್ನೇ ಅವರಿಗೆ ತಿರುಗಿಸಿ ಹೇಳಿ: ‘ಅಂದ್ರೆ ನೀವು ಹೇಳ್ತಿರೋದು ಇದು, ಸರೀನಾ?’ ‘ಹೂಂ, ಅದೇ’ ಅಂದಮೇಲೆ ಪಕ್ಕದವರ ಸರದಿ. ನೋಡಲಿಕ್ಕೆ ಸಣ್ಣ ಕೆಲಸ. ಆದರೆ ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ತಪ್ಪಿಲ್ಲದೆ ಕೇಳಿಸಿಕೊಂಡ ಮನುಷ್ಯನ ದನಿ ಅರ್ಧಕ್ಕೆ ಇಳಿದಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

• ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿ. ಒಬ್ಬರೊಡನೆ ಎಷ್ಟು ಹೊತ್ತು ಕೂತಿರೋ ಇನ್ನೊಬ್ಬರಿಗೂ ಅಷ್ಟೇ ಹೊತ್ತು ಕೊಡಿ. ನಿಜವಾದ ಜಗಳ ಹೊರಗೆ ಬರುವುದು ಅಲ್ಲೇ.

ಒಂದು ಬೇಕರಿ. ಹತ್ತು ವರ್ಷದ ಮೇಲೆ ದುಡಿದ ಕೆಲಸಗಾರ ಒಂದು ದಿನ ಏಪ್ರನ್ ಬಿಚ್ಚಿಟ್ಟು ಹೊರಟುಹೋದ. ಕೊಡಬೇಕಾದ ಸಂಬಳ, ಬೋನಸ್ ಅಂತ ಅವನು ಒಂದು ಲೆಕ್ಕ ಹೇಳಿದ. ಮುಂಗಡ, ರಜೆ ಅಂತ ಮಾಲೀಕರು ಇನ್ನೊಂದು ಲೆಕ್ಕ ಹೇಳಿದರು. ನನಗೋ ಲೆಕ್ಕ ಅಂದರೆ ಹಬ್ಬ. ಕೂಡಿ ಕಳೆದು ನೋಡಿದರೆ ಇಬ್ಬರ ನಡುವೆ ಇದ್ದ ವ್ಯತ್ಯಾಸ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಅಷ್ಟಕ್ಕೆ ಇಷ್ಟು ರಂಪವೇ ಅಂತ ಅನುಮಾನ ಬಂತು. ಹುಡುಗನನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ಗಲ್ಲಾದಲ್ಲಿ ದುಡ್ಡು ಕಮ್ಮಿ ಬಂತು ಅಂತ ಗಿರಾಕಿಗಳ ಮುಂದೆ ಜೇಬು ತೋರ್ಸು ಅಂದ್ರು ಸಾರ್. ನನ್ನ ಮಗಳು ಸ್ಕೂಲ್ ಬ್ಯಾಗ್ ಹಾಕ್ಕೊಂಡು ಅಲ್ಲೇ ನಿಂತಿದ್ಲು.’

ಮಾಲೀಕರಿಗೆ ಇದು ನೆನಪೇ ಇರಲಿಲ್ಲ. ನೆನಪಿಸಿದ ಮೇಲೆ ಒಳಗೆ ಕೂತು ‘ಆಯ್ತಪ್ಪ, ತಪ್ಪಾಯ್ತು’ ಅಂದರು. ಹುಡುಗ ತಲೆ ಎತ್ತಲಿಲ್ಲ. ಆಗ ನಾನೊಂದು ಪ್ರಶ್ನೆ ಮಾತ್ರ ಕೇಳಿದೆ: ‘ಜೇಬು ತೋರ್ಸು ಅಂದದ್ದು ಎಲ್ಲಿ ನಿಂತು?’ ಅವರಿಗೆ ಅರ್ಥವಾಯಿತು. ಸಂಜೆ ಗಿರಾಕಿ ತುಂಬಿದ ಹೊತ್ತಿನಲ್ಲಿ ಅದೇ ಕೌಂಟರಿನ ಮುಂದೆ ನಿಂತು ಅದೇ ಮಾತು ಹೇಳಿದರು. ಲೆಕ್ಕದ ವ್ಯತ್ಯಾಸ ಆಮೇಲೆ ಐದು ನಿಮಿಷದಲ್ಲಿ ಮುಗಿಯಿತು. ಹುಡುಗ ಕೆಲಸಕ್ಕೆ ವಾಪಸ್ ಬರಲಿಲ್ಲ, ಬೇರೆ ಕಡೆ ಸೇರಿದ. ಅದೂ ರಾಜಿಯೇ. ಅವಮಾನ ಎಲ್ಲಿ ಆಯಿತೋ ಕ್ಷಮೆಯೂ ಅಲ್ಲೇ ಕೇಳಬೇಕು. ಕೋಣೆಯೊಳಗೆ ಕೇಳಿದ ಕ್ಷಮೆ ಬೀದಿಯ ಅವಮಾನವನ್ನು ತೊಳೆಯುವುದಿಲ್ಲ.

• ಪಕ್ಕಕ್ಕೆ ಕರೆದಾಗ ಹೇಳಿದ್ದು ನಿಮ್ಮ ಹೊಟ್ಟೆಯಲ್ಲಿರಲಿ. ‘ಇದನ್ನ ಅವರಿಗೆ ಹೇಳಲಾ?’ ಅಂತ ಕೇಳಿ, ಒಪ್ಪಿದ್ದನ್ನಷ್ಟೇ ಆಚೆ ದಾಟಿಸಿ. ಫೋನಿನಲ್ಲಿ ರೆಕಾರ್ಡ್ ಮಾಡುವುದು, ಮನೆಗೆ ಹೋಗಿ ವಾಟ್ಸಾಪ್ ಗುಂಪಿಗೆ ಹಾಕುವುದು ಮಾಡಿದಿರೋ, ಮುಂದಿನ ಸಲ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಕರೆಯಬಾರದು ಕೂಡ.

• ಸಾಧ್ಯವಾದರೆ ವಸ್ತುವಿನ ಹತ್ತಿರ ಹೋಗಿ ಜಗಳ ಬಿಡಿಸಿ. ಮನೆ ಖಾಲಿ ಮಾಡಿದವರ ಅಡ್ವಾನ್ಸ್ 60,000 ರೂಪಾಯಿ. ಅದರಲ್ಲಿ ಬಣ್ಣಕ್ಕೆ 15,000, ನಲ್ಲಿ ರಿಪೇರಿಗೆ 1,000 ಹಿಡಿಯುತ್ತೇನೆ ಅಂತ ಮನೆಯವರು. ಒಂದು ಪೈಸೆ ಬಿಡಲ್ಲ ಅಂತ ಬಾಡಿಗೆಯವರು. ನಾಲ್ಕು ದಿನ ಫೋನಿನಲ್ಲೇ ಕೂಗಾಟ. ಐದನೆಯ ದಿನ ಮೂವರೂ ಹೋಗಿ ಆ ಮನೆಯ ಗೋಡೆ ಮುಟ್ಟಿ ನೋಡಿದೆವು. ಒಂದು ಕೋಣೆಯ ಗೋಡೆ ಚೌಳು ಹಿಡಿದು ಉದುರುತ್ತಿತ್ತು. ಆಚೆ ಬದಿಗೆ ಮನೆಯವರದೇ ನೀರಿನ ತೊಟ್ಟಿ. ಇನ್ನೊಂದು ಕೋಣೆಯಲ್ಲಿ ಮಕ್ಕಳು ಬಣ್ಣದ ಪೆನ್ಸಿಲಿನಲ್ಲಿ ಆನೆ, ಅಂಬಾರಿ, ಇಡೀ ಜಂಬೂಸವಾರಿ ಬರೆದಿದ್ದರು. ಹಾಲಿನ ಗೋಡೆ ಹಳೇದಾಗಿ ಮಾಸಿತ್ತು, ಅಷ್ಟೇ. ಚೌಳಿನ ಕೋಣೆಯ 5,000 ಮನೆಯವರದು, ಜಂಬೂಸವಾರಿಯ 5,000 ಬಾಡಿಗೆಯವರದು, ಹಾಲಿನದು ಅರ್ಧರ್ಧ, ನಲ್ಲಿಯದು ಅರ್ಧರ್ಧ. ಹಿಡಿದದ್ದು 8,000. ಬೀಗದಕೈ ಕೊಟ್ಟ ದಿನವೇ 30,000, ಮುಂದಿನ ತಿಂಗಳ ಹತ್ತನೇ ತಾರೀಕಿಗೆ ಉಳಿದ 22,000. ಯಾರು ಸರಿ, ಯಾರು ತಪ್ಪು ಅನ್ನುವ ಮಾತೇ ಬರಲಿಲ್ಲ. ಗೋಡೆಯೇ ಹೇಳಿತು.

ಇದರಿಂದ ಬಾಡಿಗೆಗೆ ಹೋಗುವವರಿಗೆ ಇನ್ನೊಂದು ಮಾತು: ಮನೆ ಸೇರುವ ದಿನವೇ ಗೋಡೆ, ನಲ್ಲಿ, ಬಾಗಿಲು, ಕರೆಂಟಿನ ಮೀಟರು ಎಲ್ಲದರ ಫೋಟೋ ತೆಗೆದು ಮನೆಯವರಿಗೆ ಕಳಿಸಿಬಿಡಿ.

• ಹಣದ ವ್ಯಾಜ್ಯದಲ್ಲಿ ‘ಎಷ್ಟು’ ಅನ್ನುವುದರ ಜೊತೆಗೇ ‘ಯಾವಾಗ, ಹೇಗೆ’ ಅನ್ನುವುದನ್ನು ಎತ್ತಿಕೊಳ್ಳಿ. ನಮ್ಮ ಗಾಂಧಿ ಚೌಕದಲ್ಲಿ ಪ್ರತಿಮೆಯಾಗಿ ನಿಂತಿರುವ ಗಾಂಧಿ ಲಾಯರಿಕೆಗೆ ಅಂತ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಮತ್ತು ತಯ್ಯಬ್ ಸೇಠ್ ಅನ್ನುವ ಇಬ್ಬರು ವ್ಯಾಪಾರಿಗಳ ದಾವೆಗೆ. ಇಬ್ಬರೂ ನೆಂಟರು, ಒಂದೇ ಊರಿನವರು. ಗಾಂಧಿ ಇಬ್ಬರನ್ನೂ ಒಪ್ಪಿಸಿ ವ್ಯಾಜ್ಯವನ್ನು ಪಂಚಾಯ್ತಿಗೆ ಕೊಡಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಎಲ್ಲರೂ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಆಮೇಲಿನದು. ಸುಮಾರು 37,000 ಪೌಂಡನ್ನು ಒಂದೇ ಸಲ ಕಟ್ಟಬೇಕಾಗಿ ಬಂದಿದ್ದರೆ ತಯ್ಯಬ್ ಸೇಠ್ ದಿವಾಳಿ ಎದ್ದು ಮಾನ ಕಳೆದುಕೊಳ್ಳುತ್ತಿದ್ದರು. ದೀರ್ಘಾವಧಿಯ ಕಂತುಗಳಿಗೆ ಗೆದ್ದವರನ್ನು ಒಪ್ಪಿಸಲು, ಪಂಚಾಯ್ತಿಗೆ ಒಪ್ಪಿಸಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು ಅಂತ ಗಾಂಧಿಯೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸೋತವನು ತೀರಿಸಬಲ್ಲ ಕಂತನ್ನು ಗೊತ್ತುಮಾಡದ ರಾಜಿ ಮೂರನೆಯ ತಿಂಗಳಿಗೆ ಮುರಿದುಬೀಳುತ್ತದೆ.

ಕಂತಿಗೆ ಭದ್ರತೆ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ, ಇಸಿದುಕೊಳ್ಳಲೂ ಬೇಡಿ. ಕೊಡುವುದಾದರೆ ತಾರೀಕು, ಮೊತ್ತ ಬರೆದ ಚೆಕ್ಕು ಕೊಟ್ಟು ಅದರ ನಂಬರನ್ನು ಒಪ್ಪಂದದಲ್ಲಿ ನಮೂದಿಸಿ.

• ಮಾತುಕತೆ ನಡೆಯುತ್ತಿದೆ ಅಂತ ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಕೈಸಾಲಕ್ಕೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ಕಳೆದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ‘ಮುಂದಿನ ವಾರ ಕೂರೋಣ, ಹಬ್ಬ ಕಳೀಲಿ’ ಅಂತ ಎಳೆದೆಳೆದು ಅವಧಿ ದಾಟಿಸುವ ಬುದ್ಧಿವಂತರು ಇದ್ದಾರೆ. ಸಾಲ ಬಾಕಿ ಇದೆ ಅಂತ ಆ 3 ವರ್ಷ ಮುಗಿಯುವ ಮೊದಲೇ ಅವರ ಸಹಿಯಲ್ಲಿ ಒಂದು ಚೀಟಿ ಬರೆಸಿಕೊಂಡರೆ ಅವಧಿ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಒಂದು ಕೈಯಲ್ಲಿ ನೋಟಿಸು, ಇನ್ನೊಂದು ಕೈಯಲ್ಲಿ ಮಾತುಕತೆ ಇಟ್ಟುಕೊಳ್ಳುವುದು ಮೋಸವಲ್ಲ.

• ಕಾರ್ಖಾನೆ, ಆಫೀಸು, ಶೋರೂಮುಗಳಲ್ಲಿ ದುಡಿಯುವವರಿಗೆ. ಹೆಬ್ಬಾಳ, ಮೇಟಗಳ್ಳಿ ಕಡೆ ಕೆಲಸಕ್ಕೆ ಹೋಗುವ ಮಕ್ಕಳು ಈ ಮೊಹಲ್ಲಾದಲ್ಲೂ ಇದ್ದಾರೆ. ಎಚ್‌.ಆರ್. ಮೇಡಂ ಎಷ್ಟೇ ಒಳ್ಳೆಯವರಾಗಿರಲಿ, ಅವರು ಕಂಪನಿಯ ಸಂಬಳ ತೆಗೆದುಕೊಳ್ಳುವವರು. ಸಹೋದ್ಯೋಗಿಯ ಜೊತೆ ಮುನಿಸು, ಶಿಫ್ಟಿನ ಜಗಳ, ರಜೆಯ ತಕರಾರು ಅವರ ಮುಂದೆ ಮುಗಿಯುವಂಥವು. ಕಂಪನಿಯ ಜೊತೆಗೇ ವ್ಯಾಜ್ಯ ಬಂದಾಗ ಅವರು ಮಧ್ಯಸ್ಥರಲ್ಲ.

ಸಿಟ್ಟಿನ ಗಳಿಗೆಯಲ್ಲಿ ‘ರಾಜೀನಾಮೆ ಬರ್ದುಕೊಡು, ಸೆಟಲ್ ಮಾಡ್ತೀವಿ’ ಅಂದರೆ ಸಹಿ ಹಾಕಬೇಡಿ. ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ. ಕಾರ್ಮಿಕನನ್ನು ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು. ಅವರು ಎರಡೂ ಕಡೆಯವರನ್ನು ಕರೆಸಿ ಕೂರಿಸುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ಕಾರ್ಮಿಕ ನೇರವಾಗಿ ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಇದಕ್ಕೂ ಕಾಲಮಿತಿ ಇದೆ, ವರ್ಷಗಟ್ಟಲೆ ಬಿಟ್ಟು ಹೋಗಬೇಡಿ. ಹಾಜರಿ ಚೀಟಿ, ಸಂಬಳ ಬಂದ ಬ್ಯಾಂಕ್ ಪುಸ್ತಕ, ಮೇಲಧಿಕಾರಿಯ ಮೆಸೇಜು ಎಲ್ಲ ಎತ್ತಿಡಿ.

ಚೌಕಾಸಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದನ್ನು ನಡುವೆ ಕೂತವರೂ ತಿಳಿದಿರಬೇಕು. ಕನಿಷ್ಠ ವೇತನ, ಪಿ.ಎಫ್., ಗ್ರಾಚ್ಯುಟಿ ಮಾಲೀಕರ ದಾಕ್ಷಿಣ್ಯವಲ್ಲ. ‘ಅರ್ಧ ಗ್ರಾಚ್ಯುಟಿ ತಗೊಂಡು ಹೋಗು’ ಅನ್ನುವುದು ರಾಜಿಯ ಮಾತೇ ಅಲ್ಲ. ಹತ್ತು ಮತ್ತು ಹತ್ತಕ್ಕಿಂತ ಹೆಚ್ಚು ಜನ ಇರುವ ಕಡೆ 5 ವರ್ಷ ದುಡಿದು ಬಿಟ್ಟರೆ, ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಬರಲೇಬೇಕು. ನಮ್ಮ ಅಶೋಕ ರಸ್ತೆಯ ದೊಡ್ಡ ಅಂಗಡಿಗಳಿಗೂ ಈ ಮಾತು ಸಲ್ಲುತ್ತದೆ, ಕೆಲವರು ಅದನ್ನು ಕೇಳಿಯೇ ಇಲ್ಲ ಅನ್ನುವ ಹಾಗೆ ಇರುತ್ತಾರೆ.

• ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ಅದರ ದಾರಿ ಬೇರೆ. 2013ರ ಕಾಯ್ದೆಯ ಪ್ರಕಾರ ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಸಣ್ಣ ಅಂಗಡಿಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಕೊಡಲು 3 ತಿಂಗಳು. ವಿಚಾರಣೆಗೆ ಮೊದಲು ಸಂಧಾನ ಮಾಡಬಹುದು, ಆದರೆ ಆ ಹೆಣ್ಣುಮಗಳೇ ಬಯಸಿ ಕೇಳಿದರೆ ಮಾತ್ರ. ದುಡ್ಡು ಕೊಟ್ಟು ಮುಗಿಸುವಂತಿಲ್ಲ ಅಂತ ಕಾನೂನೇ ಹೇಳಿದೆ. ‘ಸಾರಿ ಕೇಳಿಸ್ತೀವಿ ಬಿಡಮ್ಮ’ ಅಂತ ನೀವು ಮೊದಲೇ ಬಾಯಿ ಹಾಕಬೇಡಿ.

• ಪಾಲುಪಾರಿಕತ್ತಿನ ಮಾತಿಗೆ ಅಕ್ಕತಂಗಿಯರನ್ನು ಬಿಟ್ಟು ಕೂರಬೇಡಿ. ಅಣ್ಣತಮ್ಮಂದಿರು ಎಲ್ಲ ತೀರ್ಮಾನ ಮಾಡಿಕೊಂಡು, ಗೌರಿಹಬ್ಬಕ್ಕೆ ಅಂತ ಕರೆದು ಬಾಗಿನದ ಜೊತೆಗೆ ಹಕ್ಕು ಬಿಡುಗಡೆ ಪತ್ರ ಮುಂದಿಡುವ ಮನೆಗಳನ್ನು ನಾನು ಬಲ್ಲೆ. ‘ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಡ್ತೀವಿ, ಸಹಿ ಹಾಕಮ್ಮ.’ ಅವಳು ಹಾಕುತ್ತಾಳೆ, ತವರು ತಪ್ಪಿಹೋಗಬಾರದು ಅಂತ. ಹತ್ತು ವರ್ಷದ ಮೇಲೆ ಅವಳ ಮಗ ದಾವೆ ಹಾಕುತ್ತಾನೆ. ಆಗ ಮನೆ ಮಾರಲೂ ಆಗುವುದಿಲ್ಲ, ಕಟ್ಟಲೂ ಆಗುವುದಿಲ್ಲ.

ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಅದು ಹುಟ್ಟಿನಿಂದ ಬಂದದ್ದು ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ಕ್ರೈಸ್ತ ಮನೆಗಳಲ್ಲಿ 1925ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಮುಸ್ಲಿಂ ಮನೆಗಳಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ, ಅದನ್ನೂ ಕೊಡದೆ ನುಂಗಿದವರು ಇದ್ದಾರೆ. ಕಾನೂನಿನಂತೆ ಎಷ್ಟು ಬರುತ್ತದೆ ಅನ್ನುವುದು ಅವಳಿಗೆ ಗೊತ್ತಾಗಲಿ. ಆಮೇಲೆ ಬಿಡುವುದು, ಕಮ್ಮಿ ಮಾಡಿಕೊಳ್ಳುವುದು ಅವಳ ಇಷ್ಟ. ಅವಳೊಬ್ಬಳನ್ನೇ ಕೂರಿಸಿ ಮಾತಾಡಿ, ಗಂಡನೂ ಬೇಡ, ಅಣ್ಣನೂ ಬೇಡ.

• ಗಂಡಹೆಂಡಿರ ಜಗಳಕ್ಕೆ ನಮ್ಮಂಥವರು ಒಂದು ಸಲ ಕೂರಬಹುದು, ಹೆಚ್ಚೆಂದರೆ ಎರಡು ಸಲ. ಅದಾದ ಮೇಲೆ ಬಲ್ಲವರಿಗೆ ಬಿಡಿ. ಕೌಟುಂಬಿಕ ನ್ಯಾಯಾಲಯಕ್ಕೆ ರಾಜಿಯ ಪ್ರಯತ್ನ ಮಾಡುವುದು 1984ರ ಕಾಯ್ದೆಯಲ್ಲೇ ಹೇಳಿರುವ ಕರ್ತವ್ಯ. ರಾಜಿ ಅಂದರೆ ಮತ್ತೆ ಒಂದೇ ಮನೆಗೆ ಸೇರಿಸುವುದು ಅಂತಲೇ ಅಲ್ಲ. ಮಗುವಿನ ಶಾಲೆ ಫೀಸು ಯಾರು ಕಟ್ಟುತ್ತಾರೆ, ದಸರಾ ರಜೆಯಲ್ಲಿ ಮಗು ಎಲ್ಲಿರುತ್ತದೆ ಅಂತ ಗೊತ್ತುಮಾಡಿ ಜಗಳವಿಲ್ಲದೆ ಬೇರೆಯಾಗುವುದೂ ಒಳ್ಳೆಯ ರಾಜಿಯೇ. ‘ಹೊಂದಿಕೊಂಡು ಹೋಗಮ್ಮ’ ಅನ್ನುವ ಮಾತನ್ನು ಬರೀ ಒಂದೇ ಕಡೆಗೆ ಹೇಳುವುದನ್ನು ನಮ್ಮ ತಲೆಮಾರು ಬಹಳ ಮಾಡಿಬಿಟ್ಟಿತು.

• ಠಾಣೆಗೆ ಹೋಗಿ ಹಣದ ವಸೂಲಿ, ಮನೆ ಖಾಲಿ ಮಾಡಿಸುವುದು ಇಂಥದ್ದಕ್ಕೆ ಕೈಹಾಕಬೇಡಿ. ಸಿವಿಲ್ ವ್ಯಾಜ್ಯ ತೀರ್ಮಾನ ಮಾಡುವುದು ಪೊಲೀಸರ ಕೆಲಸವಲ್ಲ. ಹೊಡೆದಾಟದ ಭಯವಿದ್ದರೆ ದೂರು ಕೊಡಿ, ಮುಚ್ಚಳಿಕೆ ಬರೆಸಿಕೊಳ್ಳಲಿ. ಅದು ಶಾಂತಿಗೆ, ಲೆಕ್ಕಕ್ಕಲ್ಲ.

• ಕೋರ್ಟಿನ ಮಧ್ಯಸ್ಥಿಕೆ ಅಂದರೆ ಹೆದರುವವರು ಬಹಳ. ಹೆದರಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜಿಯಾಗಬಹುದು ಅನ್ನಿಸಿದ ದಾವೆಯನ್ನು ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಬಹುದು. ಕರ್ನಾಟಕ ಇದಕ್ಕೆ 2005ರಲ್ಲಿ ತನ್ನದೇ ನಿಯಮ ಮಾಡಿತು. ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು, ಆಮೇಲೆ ಜಿಲ್ಲೆಗಳಿಗೂ ಬಂತು. ಅಲ್ಲಿ ಕೂರುವವರು ಇದಕ್ಕೆಂದೇ ತರಬೇತಿಯಾದವರು. ಕಟಕಟೆ ಇಲ್ಲ, ಸಾಕ್ಷಿ ವಿಚಾರಣೆ ಇಲ್ಲ, ಮೇಜಿನ ಸುತ್ತ ಕುರ್ಚಿ. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗುವುದಿಲ್ಲ. ರಾಜಿ ಆಗದಿದ್ದರೆ ‘ಆಗಲಿಲ್ಲ’ ಅಂತಷ್ಟೇ ವರದಿ ಹೋಗುತ್ತದೆ, ಕೇಸು ಎಲ್ಲಿತ್ತೋ ಅಲ್ಲಿಂದ ಮುಂದುವರಿಯುತ್ತದೆ.

ಕೇಸು ಹಾಕುವ ಮೊದಲೂ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕಾನೂನು ನೆರವಿನ ಸಹಾಯವಾಣಿ 15100. ಹೆಂಗಸರು, ಕಾರ್ಮಿಕರು, ಪರಿಶಿಷ್ಟರು, ಅಂಗವಿಕಲರು, ಆದಾಯ ಕಡಿಮೆ ಇರುವವರು ಇವರಿಗೆಲ್ಲ ವಕೀಲರ ನೆರವು ಉಚಿತ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀಸು ವಾಪಸ್ ಬರುತ್ತದೆ. ಆ ಆದೇಶಕ್ಕೆ ಡಿಕ್ರಿಯ ಬಲ, ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲ ಅನ್ನುವುದನ್ನು ಸಹಿಗೆ ಮೊದಲು ಎರಡು ಸಲ ನೆನೆಸಿಕೊಳ್ಳಿ. ‘ಇವತ್ತೇ ಮುಗಿಸಿಬಿಡೋಣ’ ಅನ್ನುವ ಅವಸರ ಅವತ್ತು ಎಲ್ಲರಿಗೂ ಇರುತ್ತದೆ.

• ವ್ಯಾಪಾರಿಗಳೇ, 3 ಲಕ್ಷ ರೂಪಾಯಿ ಮತ್ತು ಅದರ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಕ್ಕೆ, ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. 2022ರ ಪಾಟೀಲ್ ಆಟೊಮೇಷನ್ ತೀರ್ಪಿನಿಂದೀಚೆಗೆ ಇದರಲ್ಲಿ ಅನುಮಾನ ಉಳಿದಿಲ್ಲ. ಅದನ್ನು ಬಿಟ್ಟು ನೇರ ದಾವೆ ಹಾಕಿದರೆ ತಿರಸ್ಕಾರವಾಗುತ್ತದೆ.

• ಜಗಲಿಯಲ್ಲಿ ಮಾಡಿದ ರಾಜಿಗೆ ಎಷ್ಟು ಬಲ ಅಂತ ತಿಳಿದಿರಿ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆ ಅಂತಲೇ ಒಂದು ಅಧ್ಯಾಯವಿದೆ: ನೆರೆಹೊರೆಯ ನೆಮ್ಮದಿ ಕೆಡಿಸುವ ಜಗಳಕ್ಕೆ, ಇಬ್ಬರೂ ಒಪ್ಪಿದರೆ, ಮೂವರು ಮಧ್ಯಸ್ಥರು. ಆದರೆ ಅಲ್ಲಿ ಆದ ಒಪ್ಪಂದವನ್ನು ಡಿಕ್ರಿಯಂತೆ ಜಾರಿ ಮಾಡಿಸಲಾಗದು ಅಂತ ಅದೇ ಕಾಯ್ದೆ ಬರೆದಿದೆ. ಮೋರಿ ನೀರು, ಸ್ಕೂಟರ್ ನಿಲ್ಲಿಸುವುದು, ಮಹಡಿ ಮೇಲಿನ ಸದ್ದು ಇಂಥದ್ದಕ್ಕೆ ನಮ್ಮ ಜಗಲಿ ಸಾಕು. ಸ್ವತ್ತು, ದೊಡ್ಡ ಹಣ ಆದರೆ ಮಾತು ಜಗಲಿಯಲ್ಲಿ ಆಗಲಿ, ಮುದ್ರೆ ಕೋರ್ಟಿನಲ್ಲಿ ಇಲ್ಲವೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೀಳಲಿ. ನೋಟರಿ ಸೀಲು ಹಾಕಿಸಿದ ಪಾಲುಪತ್ರ ನೋಂದಣಿಯಾದ ವಿಭಾಗಪತ್ರ ಆಗುವುದಿಲ್ಲ.

• ಬರೆಯುವಾಗ ‘ಅನ್ಯೋನ್ಯವಾಗಿ ನಡೆದುಕೊಳ್ಳುವುದು’ ಅಂತ ಬರೆಯಬೇಡಿ. ಯಾರು, ಏನು, ಎಷ್ಟು, ಯಾವ ತಾರೀಕಿನೊಳಗೆ, ತಪ್ಪಿದರೆ ಏನು, ಇಷ್ಟು ಬರೆಯಿರಿ. ‘ಸ್ಕೂಟರು ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಗೇಟಿನ ಎಡಕ್ಕೆ’, ಹೀಗೆ. ಯಾರು ತಪ್ಪು ಮಾಡಿದರು ಅನ್ನುವ ಸಾಲು ಬೇಡ. ಹಾಳೆ ಹಾಳೆಗೂ ಇಬ್ಬರ ಸಹಿ, ಇಬ್ಬರಿಗೂ ಒಂದೊಂದು ಪ್ರತಿ. ಸಹಿಯ ಮೊದಲು ‘ವಕೀಲರಿಗೆ ತೋರಿಸ್ಬೇಕು’ ಅಂದರೆ ಮುಖ ಸಿಂಡರಿಸಬೇಡಿ, ತೋರಿಸಲಿ.

• ದುಡ್ಡು, ಬಿರಿಯಾನಿ, ಶಾಲು, ಹಾರ ಏನೂ ತೆಗೆದುಕೊಳ್ಳಬೇಡಿ. ಟೀ ಆಗಬಹುದು.

• ಸಹಿ ಬಿದ್ದ ಮಾತ್ರಕ್ಕೆ ನಿಮ್ಮ ಕೆಲಸ ಮುಗಿಯಲಿಲ್ಲ. ಕಂತಿನ ತಾರೀಕುಗಳನ್ನು ನಿಮ್ಮ ಮನೆ ಕ್ಯಾಲೆಂಡರಿನಲ್ಲೂ ಗುರುತು ಹಾಕಿ. ಒಂದು ಕಂತು ತಪ್ಪಿದರೆ ನಾಲ್ಕು ಜನಕ್ಕೆ ಹೇಳುವ ಮೊದಲು ಅವರಿಗೇ ಫೋನ್ ಮಾಡಿ ಕೇಳಿ, ಆಸ್ಪತ್ರೆ ಖರ್ಚು ಬಂದಿರಬಹುದು. ಎರಡು ತಪ್ಪಿದರೆ ಇಬ್ಬರನ್ನೂ ಮತ್ತೆ ಕೂರಿಸಿ. ಮೂರನೆಯದೂ ತಪ್ಪಿತೋ, ಇನ್ನು ನಿಮ್ಮ ಕೈಲಿಲ್ಲ, ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ. ಅವರ ಪತ್ರ, ರಸೀದಿ, ಖಾತೆಯ ನಕಲು ಯಾವುದನ್ನೂ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಅವರೆದುರಿಗೇ ಎಣಿಸಿ ವಾಪಸ್ ಕೊಟ್ಟು, ಮುಟ್ಟಿತು ಅಂತ ಬರೆಸಿಕೊಂಡು ಬನ್ನಿ.